ಸೋರಿದ ನೀರಿನ ಸೊಪ್ಪು

ನಮ್ಮ ಹೊಲದಲ್ಲಿ ದಿನವೂ ಬೈಸಿಕೊಳ್ಳುವ ಕಾಲುವೆಯೊಂದಿತ್ತು. ಬಾವಿಯ ತೊಟ್ಟಿಯಿಂದ ಹೊರಟು, ಹುಣಸೆಮರದ ಬೇರು ಬಳಸಿ, ಕೆಳಗಿನ ಮಡಿ ಮುಟ್ಟುವಷ್ಟರಲ್ಲಿ ಅದು ಅರ್ಧ ನೀರನ್ನು ತಾನೇ ಕುಡಿದುಬಿಡುತ್ತಿತ್ತು. ಅಪ್ಪ ಸನಿಕೆ ಹೆಗಲಿಗಿಟ್ಟುಕೊಂಡು ಹೋಗಿ ನೀರು ಕಟ್ಟಿ, ಮಂಡಿವರೆಗೆ ಕೆಸರು ಮಾಡಿಕೊಂಡು ಬಂದು, ಜಗಲಿ ಮೇಲೆ ಕುಕ್ಕರಿಸಿ, "ಹಾಳಾದ್ದು, ಬದುವಿಗೇ ಕುಡಿಸ್ತೈತೆ ನೀರ್ನ" ಎಂದು ಗೊಣಗುತ್ತಿದ್ದ. ಅಮ್ಮ ಮಾತಾಡುತ್ತಿರಲಿಲ್ಲ. ಅವಳ ಮಧ್ಯಾಹ್ನದ ಸಾರು ಬೆಳೆಯುತ್ತಿದ್ದುದು ಆ ಬದುವಿನ ಮೇಲೆಯೇ.

ಹೊನಗೊನೆ ಸೊಪ್ಪನ್ನು ಬಿತ್ತಿದವರನ್ನು ನಾನು ಕಂಡಿಲ್ಲ. ಪಸೆ ಎಲ್ಲಿದೆಯೋ ಅಲ್ಲಿಗೆ ತಾನೇ ನಡೆದು ಬರುತ್ತದೆ. ನೆಲದ ಮೇಲೆ ತೆವಳುತ್ತ, ಗೆಣ್ಣು ಗೆಣ್ಣಿಗೂ ಬೇರು ಬಿಡುತ್ತ, ಎಲೆಯ ಕಂಕುಳಲ್ಲಿ ಅಕ್ಕಿನುಚ್ಚಿನಂಥ ಬಿಳಿ ಹೂ ಮುಡಿದುಕೊಂಡಿರುತ್ತದೆ. ಅಮ್ಮ ಅದನ್ನು ಬುಡಸಮೇತ ಕೀಳುತ್ತಿರಲಿಲ್ಲ. ಹೆಬ್ಬೆರಳಿನ ಉಗುರಿನಿಂದ ಕುಡಿಯನ್ನಷ್ಟೇ ಚಿವುಟಿ ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು. ಚಿವುಟಿದ ಕಡೆ ಕೆಲವೇ ದಿನಕ್ಕೆ ಎರಡು ಕುಡಿ. ಮದುವೆಮನೆಗೆ ರೇಷ್ಮೆ ಸೀರೆ ಉಟ್ಟು ಹೊರಟಾಗಲೂ ಆ ಒಂದು ಉಗುರು ಹಸಿರುಗಪ್ಪಾಗಿಯೇ ಇರುತ್ತಿತ್ತು.

ಹೊನಗೊನೆಯ ಜೊತೆಗೆ ಗಣಿಕೆ, ಗೋಣಿಸೊಪ್ಪು, ಅಣ್ಣೆ, ಕೀರೆ, ಬಾವಿಕಟ್ಟೆಯ ತಂಪಿನಲ್ಲಿ ಒಂದೆಲಗ. ಎಲ್ಲ ಕೂಡಿದರೆ ಬೆರಕೆ ಸೊಪ್ಪು. ಗಣಿಕೆಯ ಕಪ್ಪು ಹಣ್ಣು ನಮ್ಮ ಪಾಲು. ತಿಂದದ್ದಕ್ಕೆ ನಾಲಿಗೆಯೇ ಸಾಕ್ಷಿ. ಮಳೆಗಾಲದಲ್ಲಿ ಅದೇ ಬದುವಿನ ಬಿಲಗಳಿಂದ ಏಡಿ. ನೆಗಡಿ ಹಿಡಿದವರಿಗೆ ಏಡಿಸಾರು ಎಂದು ನಮ್ಮಲ್ಲಿ ನಿಯಮವಿತ್ತು. ನಮ್ಮ ಮನೆಯಲ್ಲಿ ಆ ಕಾಲಕ್ಕೆ ಎಲ್ಲರಿಗೂ ಸರತಿಯಂತೆ ನೆಗಡಿಯಾಗುತ್ತಿತ್ತು.

ಬಸ್ಸಾರೆಂದರೆ ಬಸಿದ ಸಾರು. ಕಾಳು, ಸೊಪ್ಪು ಬೆಂದ ಮೇಲೆ ಕಟ್ಟನ್ನು ಬಸಿದುಕೊಂಡು, ಅದಕ್ಕೆ ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಮೆಣಸಿನಕಾಯಿ, ಹುಣಸೆ ಅರೆದ ಖಾರ ಕೂಡಿಸಿ ಕುದಿಸಿದರೆ ಸಾರು. ಮಿಕ್ಕ ಸೊಪ್ಪಿಗೆ ಎಣ್ಣೆ, ಸಾಸಿವೆ, ಒಣಮೆಣಸಿನಕಾಯಿಯ ಒಗ್ಗರಣೆ ಬಿದ್ದರೆ ಪಲ್ಯ. ಸೊಪ್ಪಿನ ಕ್ಯಾರೊಟಿನ್ ಮೈಗೆ ಹತ್ತಬೇಕಾದರೆ ಜೊತೆಗೆ ಒಂದಿಷ್ಟು ಜಿಡ್ಡು ಬೇಕು, ಅದರ ಕಬ್ಬಿಣ ಹತ್ತಬೇಕಾದರೆ ನಿಂಬೆಹಣ್ಣಿನಂಥ ಹುಳಿ ಬೇಕು ಎಂದು ನಾನು ಓದಿದ್ದು ಎಷ್ಟೋ ವರ್ಷದ ಮೇಲೆ. ಅಷ್ಟರಲ್ಲಿ ತಟ್ಟೆಯ ಅಂಚಿನಲ್ಲಿ ನಿಂಬೆಹೋಳು, ಪಲ್ಯದ ಮೇಲೆ ಒಗ್ಗರಣೆ ಇಟ್ಟು ಬಡಿಸಿದವಳು ತೀರಿಕೊಂಡಿದ್ದಳು. ಮುದ್ದೆಯ ಲೆಕ್ಕ ಬೇರೆ: ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ. ಮೂಳೆಯ ಜವಾಬ್ದಾರಿ ಮುದ್ದೆಯದು, ರಕ್ತದ್ದು ಸೊಪ್ಪಿನದು ಎಂದು ಯಾರೋ ಪಾಲು ಮಾಡಿಕೊಟ್ಟಂತಿತ್ತು ಆ ತಟ್ಟೆ. ಬಸಿದ ನೀರನ್ನೇ ಸಾರು ಮಾಡುವ ಹೆಂಗಸರಿಗೆ, ಕಾಲುವೆಯಿಂದ ಸೋರಿದ್ದು ಪೋಲಾಯಿತು ಎಂದು ಅನ್ನಿಸುವುದಾದರೂ ಹೇಗೆ?

ನಮ್ಮದು ಮಧುಗಿರಿ ಕಡೆ. ನೀರಿಗೆ ನೆಂಟಸ್ತನ ಕಡಿಮೆ. ಜಯಮಂಗಲಿ ದೇವರಾಯನದುರ್ಗದಲ್ಲಿ ಹುಟ್ಟಿ ನಮ್ಮ ಸೀಮೆ ಹಾದು ಉತ್ತರ ಪಿನಾಕಿನಿ ಸೇರುವಳು ಎಂದು ಶಾಲೆಯಲ್ಲಿ ಉರು ಹೊಡೆದಿದ್ದೆವು. ಕಣ್ಣಿಗೆ ಕಾಣುತ್ತಿದ್ದುದು ಮಾತ್ರ ಬಹುಪಾಲು ಮರಳು. ಆದರೆ ಆ ಮರಳಿನೊಳಗೆ ತಲಪರಿಗೆಗಳಿದ್ದವು. ಕೊರಟಗೆರೆ, ಮಧುಗಿರಿ, ಪಾವಗಡದವರಿಗೆ ಈ ಪದ ಹೇಳಿದರೆ ಈಗಲೂ ಮುಖ ಅರಳುತ್ತದೆ. ಹೊಳೆಯ ಪಾತ್ರದಲ್ಲಿ, ಕೆರೆಯ ಅಂಗಳದಲ್ಲಿ ಒಸರುವ ಜಲದ ಕಣ್ಣನ್ನು ಗುರುತಿಸಿ, ಗುಂಡಿ ತೋಡಿ, ಅಲ್ಲಿಂದ ಕಾಲುವೆ ಎಳೆದು ಗದ್ದೆಗೆ ಹಾಯಿಸುವುದು. ಎತ್ತೂ ಬೇಡ, ಕರೆಂಟೂ ಬೇಡ. ಹೂಳು ತುಂಬಿದರೆ ಅಚ್ಚುಕಟ್ಟಿನವರೆಲ್ಲ ಗುದ್ದಲಿ ಹಿಡಿದು ಒಟ್ಟಾಗಿ ಇಳಿಯಬೇಕು. ಮರಳು ಲಾರಿ ಹತ್ತಿ ಪಟ್ಟಣಕ್ಕೆ ಹೋಯಿತು, ಕೊಳವೆಬಾವಿಗಳು ನೆಲದೊಳಗಿನ ನೀರನ್ನು ಪಾತಾಳಕ್ಕೆ ಇಳಿಸಿದವು, ಕಣ್ಣು ಮುಚ್ಚಿತು.

ನಮ್ಮ ಬಾವಿಯದೂ ಅದೇ ಕತೆ. ತಾತ ಕಪಿಲೆ ಹೊಡೆದ ಬಾವಿ. ಅಪ್ಪ ಅದಕ್ಕೆ ಮೋಟಾರು ಕೂರಿಸಿದ, ಬಾವಿ ಬತ್ತಿದ ಮೇಲೆ ಅದರ ಪಕ್ಕದಲ್ಲೇ ಬೋರು ಕೊರೆಸಿದ. ಅಣ್ಣನ ಕಾಲಕ್ಕೆ ಮೂರನೇ ಬೋರು, ಎಂಟುನೂರು ಅಡಿಯ ಆಳದಲ್ಲಿ ಒಂದೂವರೆ ಇಂಚು ನೀರು. ಅಷ್ಟು ನೀರನ್ನು ಮಣ್ಣಿನ ಕಾಲುವೆಗೆ ಬಿಟ್ಟರೆ ಹುಣಸೆಮರವನ್ನೂ ದಾಟಲಾರದು. ಅಣ್ಣ ಡ್ರಿಪ್ ಹಾಕಿಸಿ, ರಾಗಿ ಹೊಲಕ್ಕೆ ಅಡಿಕೆ ಇಟ್ಟ. ಅಕ್ಕಡಿ ಸಾಲಿನಲ್ಲಿ ಅವರೆ, ಅಲಸಂದೆ, ಹುಚ್ಚೆಳ್ಳು ನಗುತ್ತಿದ್ದ ನೆಲದಲ್ಲಿ ಈಗ ಅಡಿಕೆಗಿಡಗಳು ಡ್ರಿಲ್ ಪೀರಿಯಡ್ಡಿನ ಹುಡುಗರಂತೆ ನಿಂತಿವೆ. ರಾತ್ರಿ ತ್ರೀ ಫೇಸ್ ಬಂದಾಗ ಟಾರ್ಚು ಹಿಡಿದು ಹೋಗಿ ವಾಲ್ವು ತಿರುಗಿಸಿ, ಒಂದೊಂದು ಬುಡಕ್ಕೂ ತೊಟ್ಟು ತೊಟ್ಟು ಲೆಕ್ಕ ಹಾಕಿ ಕುಡಿಸಿ ಬೆಳೆಸುವುದು ಯಾವುದನ್ನು? ಅಗಿದು ಉಗಿಯುವುದನ್ನು! ಹೀಗೆ ನಾನು ಚುಡಾಯಿಸಿದರೆ ಅಣ್ಣ, "ಮಗಳ ಇಂಜಿನಿಯರಿಂಗ್ ಫೀಜು ನಿನ್ನ ಹೊನಗೊನೆ ಸೊಪ್ಪು ಕಟ್ತೈತಾ?" ಎನ್ನುತ್ತಾನೆ. ಇಲ್ಲ, ಕಟ್ಟುವುದಿಲ್ಲ. ಊರು ಬಿಟ್ಟು ಬಂದು ಬೆಂಗಳೂರಿನಲ್ಲಿ ಟ್ಯಾಂಕರ್ ನೀರು ಕೊಂಡು ಕುಡಿಯುವವನು ಒಂದೂವರೆ ಇಂಚಿನವನಿಗೆ ಬುದ್ಧಿ ಹೇಳುವುದು ತರವೂ ಅಲ್ಲ.

ಡ್ರಿಪ್ಪಿನ ಮೇಲೆ ನನಗೆ ಸಿಟ್ಟಿಲ್ಲ. ಅದರ ಹುಟ್ಟಿನ ಕತೆಯನ್ನು ನೆನೆದರೆ ಪ್ರೀತಿಯೇ ಬರುತ್ತದೆ. ಸಿಮ್ಖಾ ಬ್ಲಾಸ್ ಎಂಬ ಇಸ್ರೇಲಿ ನೀರಾವರಿ ಎಂಜಿನಿಯರು 1930ರ ದಶಕದಲ್ಲಿ ಒಂದು ಬೇಲಿಯ ಸಾಲಿನಲ್ಲಿ ಉಳಿದವನ್ನೆಲ್ಲ ಮೀರಿ ಬೆಳೆದಿದ್ದ ಒಂದೇ ಒಂದು ಮರವನ್ನು ಕಂಡನಂತೆ. ಯಾರೂ ನೀರು ಹಾಕಿದ್ದಿಲ್ಲ. ಬುಡ ಬಗೆದರೆ, ಪೈಪಿನ ಜೋಡಣೆಯೊಂದು ಸಡಿಲಾಗಿ ಹನಿ ಹನಿ ಸೋರುತ್ತಿತ್ತು. ಆ ಸೋರಿಕೆ ಅವನ ತಲೆಯಲ್ಲಿ ಎಷ್ಟೋ ವರ್ಷ ತೊಟ್ಟಿಕ್ಕಿ, ಪ್ಲಾಸ್ಟಿಕ್ ಬಂದ ಮೇಲೆ ಡ್ರಿಪ್ಪರ್ ಆಯಿತು. 1965ರಲ್ಲಿ ನೆಗೆವ್ ಮರುಭೂಮಿಯ ಹತ್ಸೆರಿಮ್ ಎಂಬ ಕಿಬ್ಬುತ್ಸಿನವರು ಅವನ ಜೊತೆ ಸೇರಿ ಅದನ್ನು ತಯಾರಿಸಲು ನೆಟಾಫಿಮ್ ಕಂಪನಿ ಕಟ್ಟಿದರು. ಅಂದರೆ ಇದೂ ಸೋರಿಕೆಯ ಕೂಸೇ! ಹುಟ್ಟಿದ ಮೇಲೆ ಅದು ಮಾಡಿದ ಮೊದಲ ಕೆಲಸ ಮಿಕ್ಕ ಸೋರಿಕೆಗಳನ್ನೆಲ್ಲ ನಿಲ್ಲಿಸಿದ್ದು. 2014ರಲ್ಲಿ ಶುರುವಾದ ಕೃಷಿಭಾಗ್ಯದಲ್ಲಿ ಪಕ್ಕದ ಹೊಲದವರು ಕೃಷಿಹೊಂಡ ಮಾಡಿಸಿದಾಗ, ಏಡಿ ಬಂದಾವೇ ಎಂದು ಬಗ್ಗಿ ನೋಡಿದ್ದೆ. ಹೊಂಡದ ಹೊಟ್ಟೆಗೂ ಪ್ಲಾಸ್ಟಿಕ್ ಹಾಸು. ಇಂಗಬಾರದಲ್ಲ.

ಹೊಲದ ಕತೆ ಹಾಗಾದರೆ ಹಿತ್ತಲಿನದು ಇನ್ನೊಂದು. ಹಳೆಮನೆಯ ಬಚ್ಚಲ ನೀರು ಗೋಡೆಯ ತೂತಿನಿಂದ ನೇರ ಬಾಳೆಗೆ, ಬಾಳೆಯಿಂದ ಪರಂಗಿಗೆ, ಅಲ್ಲಿಂದ ಬಸಳೆ ಚಪ್ಪರಕ್ಕೆ ಹೋಗುತ್ತಿತ್ತು. ಎಂಟು ಜನ ಮಿಂದರೆ ಹಿತ್ತಲೆಲ್ಲ ಮಿಂದ ಹಾಗೆ. ಹೊಸಮನೆ ಕಟ್ಟಿದಾಗ ಬಚ್ಚಲು ಬಾತ್‌ರೂಮಾಗಿ ಒಳಗೆ ಬಂತು, ನೀರು ಪೈಪಿನೊಳಗೆ ಗುಂಡಿಗೆ ಹೋಯಿತು, ಹಿತ್ತಲಿಗೆ ಸಿಮೆಂಟು ಬಿತ್ತು. ಅಡಿಕೆ ಸಾಲಿನ ನಡುವೆ ತಲೆ ಎತ್ತುವ ಅಣ್ಣೆ, ಕೀರೆಗಳಿಗೆ ಈಗ ವರ್ಷಕ್ಕೆರಡು ಸಲ 'ಔಷಧಿ' ಹೊಡೆಸುತ್ತಾರೆ. ವಿಷಕ್ಕೆ ಔಷಧಿ ಎಂದು ಹೆಸರಿಟ್ಟವರು ಯಾರೋ.

ಈಗ ಬೆಳಿಗ್ಗೆ ಎಂಟಕ್ಕೆ ಊರಿಗೆ ತರಕಾರಿ ಆಟೋ ಬರುತ್ತದೆ. ರೆಕಾರ್ಡು ಮಾಡಿಟ್ಟ ದನಿ: "ಟೊಮಾಟ, ಬೀನ್ಸು, ಕೋಸು, ಸೊಪ್ಪೂ..." ಗೇಣುದ್ದದ ದಂಟಿನ ಕಟ್ಟಿಗೆ ಇಪ್ಪತ್ತು ರೂಪಾಯಿ ಕೊಟ್ಟು, ನೀರಾವರಿ ಇರುವ ರೈತರ ಮನೆಯವರೆಲ್ಲ ಕೊಳ್ಳುತ್ತಾರೆ. ಹಣ್ಣು, ತರಕಾರಿ ಸೇರಿ ದಿನಕ್ಕೆ ಒಬ್ಬರಿಗೆ 400 ಗ್ರಾಂ ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆ ಕಟ್ಟನ್ನು ಐದು ಜನ ಹಂಚಿಕೊಂಡರೆ ಒಗ್ಗರಣೆಯ ಸಾಸಿವೆಯೇ ಹೆಚ್ಚು ಕಂಡೀತು. ಹೋದ ವರ್ಷ ಅತ್ತಿಗೆಗೆ ಮೆಟ್ಟಿಲು ಹತ್ತಿದರೆ ಏದುಸಿರು. ಪರೀಕ್ಷೆ ಮಾಡಿಸಿದಾಗ ರಕ್ತ ಕಮ್ಮಿ ಎಂದು ಕಬ್ಬಿಣದ ಮಾತ್ರೆ ಬರೆದುಕೊಟ್ಟರು. ಅವರೊಬ್ಬರದೇ ಅಲ್ಲ, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 47.8 ಮಂದಿಗೆ ರಕ್ತಹೀನತೆ. ಮಾತ್ರೆಯ ಚೀಟಿ ಕೊಡುತ್ತ ನರ್ಸಮ್ಮ, "ಸೊಪ್ಪು ಚೆನ್ನಾಗಿ ತಿನ್ನಿ, ಹಳ್ಳಿಯೋರು ನೀವು, ನಿಮಗೇನು ಬರ?" ಎಂದರಂತೆ. ಅತ್ತಿಗೆ ಇದನ್ನು ಹೇಳಿ ನಕ್ಕಿದ್ದರು. ಮುಂದೇನು ಮಾಡಿದರೆಂದು ಹೇಳಲಿಲ್ಲ.

ಮೊನ್ನೆ ಸಂಕ್ರಾಂತಿಗೆ ಹೋದಾಗ ಅಣ್ಣನ ಜೊತೆ ತೋಟಕ್ಕೆ ಹೊರಟೆ. ಪಂಪ್‌ಹೌಸಿನ ಮಗ್ಗುಲಲ್ಲಿ, ಹಳೆ ಕಾಲುವೆ ತಿರುಗುತ್ತಿದ್ದ ಜಾಗದಲ್ಲಿ, ಡ್ರಿಪ್ ಪೈಪೊಂದು ಸಣ್ಣಗೆ ಚಿಮ್ಮುತ್ತಿತ್ತು. ಅಣ್ಣ ಅದನ್ನು ನೋಡಿಯೂ ನೋಡದವನಂತೆ, "ಅಳಿಲು. ಪೈಪು ಕಚ್ಚಿ ಸಾಯ್ತವೆ. ಜಾಯಿನರ್ ಹಾಕಿ ಹಾಕಿ ಸಾಕಾಯ್ತು" ಎಂದು ಮುಂದೆ ನಡೆದ. ನಾನು ಕುಕ್ಕರುಗಾಲಲ್ಲಿ ಕೂತೆ. ಒದ್ದೆಯ ಸುತ್ತ ಒಂದು ಚಾಪೆ ಹಾಸುವಷ್ಟು ಜಾಗ. ಬಸಳೆ ಬಳ್ಳಿಗೆ ಊರಿದ ನಾಲ್ಕು ಕೋಲು, ದಂಟಿನ ಪುಟ್ಟ ಪಾತಿ, ಅಂಚಿನಲ್ಲಿ ಯಾರೂ ಕರೆಯದೆ ಬಂದು ಕೂತ ಹೊನಗೊನೆ. ಕುಡಿಗಳೆಲ್ಲ ಚಿವುಟಿದ್ದವು. ಅಳಿಲು ಕಚ್ಚಿದ ಪೈಪನ್ನು ನಾನೂ ಕಂಡಿದ್ದೇನೆ, ಅಂಚು ಹರಕುಮುರುಕು. ಇದರ ತೂತು ದುಂಡಗೆ, ಗೋಣಿಚೀಲ ಹೊಲಿಯುವ ದಬ್ಬಳದಲ್ಲಿ ಚುಚ್ಚಿದ ಹಾಗಿತ್ತು.

ಮನೆಗೆ ಬಂದಾಗ ಕೊಟ್ಟಿಗೆಯ ಮೊಳೆಗೆ ದಬ್ಬಳ ನೇತುಹಾಕಿತ್ತು. ಅತ್ತಿಗೆ ಮುದ್ದೆ ಇಟ್ಟು, ಬಸ್ಸಾರು ಬಿಟ್ಟು, ಪಕ್ಕದಲ್ಲಿ ನಿಂಬೆಹೋಳು ಇಟ್ಟರು. ಅಣ್ಣ ಮುದ್ದೆ ಮುರಿದು ಸಾರಿನಲ್ಲಿ ಹೊರಳಿಸಿ ನುಂಗಿ, ತಟ್ಟೆಯಿಂದ ತಲೆ ಎತ್ತದೆ, "ಈ ವರ್ಷ ಅಳಿಲಿನ ಕಾಟ ಜಾಸ್ತಿ ಕಣೇ" ಎಂದ.

"ಹೌದಾ?" ಎಂದರು ಅತ್ತಿಗೆ.

"ಹೂಂ. ಇನ್ನೊಂದು ಸೌಟು ಬಿಡು."