ಎಮ್ಮೆದೊಡ್ಡಿಯ ಹುಲಿ, ದೊಡ್ಡಪ್ಪನ ರೈಫಲ್

ಬೀರೂರು ಜಂಕ್ಷನ್‌ನಲ್ಲಿ ಹಳಿ ಎರಡಾಗುತ್ತದೆ. ಒಂದು ತರೀಕೆರೆ ಮೇಲೆ ಶಿವಮೊಗ್ಗದ ಕಡೆಗೆ, ಇನ್ನೊಂದು ಅಜ್ಜಂಪುರ ಮೇಲೆ ಹುಬ್ಬಳ್ಳಿ ಕಡೆಗೆ. ಒಂದು ಕಡೆ ಮಲೆನಾಡಿನ ಸೆರಗು, ಇನ್ನೊಂದು ಕಡೆ ಬಯಲು. ಬೆಂಗಳೂರಿನಿಂದ ಬರುವವರು ಸಾಮಾನ್ಯವಾಗಿ ಕಡೂರಿನಲ್ಲಿ ಕಾಫಿ ಕುಡಿದು ನೇರ ಚಿಕ್ಕಮಗಳೂರಿನ ಬೆಟ್ಟ ಹತ್ತುತ್ತಾರೆ. ಈ ಸಲ ಬೆಟ್ಟ ಬಿಟ್ಟು ಕಡೂರು, ತರೀಕೆರೆ, ಅಜ್ಜಂಪುರ ಮೂರನ್ನೇ ಸುತ್ತಿ ನೋಡಿ. ಇಲ್ಲಿ ಫಿರಂಗಿ ಎಳೆದ ಎತ್ತುಗಳ ಕತೆಯಿದೆ, ನರಭಕ್ಷಕ ಹುಲಿಯ ಕತೆಯಿದೆ. ನನ್ನ ಪಾಲಿಗೆ ದೊಡ್ಡಪ್ಪನ ರೈಫಲ್ ಕತೆಯೂ ಇದೆ.

ಮೊದಲು ಅಜ್ಜಂಪುರ. ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರ ಇರುವುದು ಇಲ್ಲೇ. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಯನ್ನು ಟಿಪ್ಪು ‘ಅಮೃತ ಮಹಲ್’ ಎಂದು ಕರೆದ. ಹೆಸರಲ್ಲಿ ಬೆಣ್ಣೆ, ಅಮೃತ ಇದ್ದರೂ ಈ ದನಗಳ ನಿಜವಾದ ಕೆಲಸ ಯುದ್ಧದ್ದು. ಹೈದರ್ ಸೈನ್ಯ ಈ ಎತ್ತುಗಳ ಬಲದಿಂದ ಎರಡೂವರೆ ದಿನದಲ್ಲಿ 100 ಮೈಲಿ ಸಾಗಿತ್ತು ಎಂದು ಹಳೆಯ ಗೆಜೆಟಿಯರ್‌ಗಳು ಬರೆದಿವೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರೂ ಇವನ್ನು ಬಿಡಲಿಲ್ಲ. ಬೂದು ಮೈ, ಹಿಂದಕ್ಕೆ ಬಾಗಿ ಮೇಲೆದ್ದ ಚೂಪು ಕೊಂಬು. ಹತ್ತಿರ ಹೋಗಿ ಸೆಲ್ಫಿ ತೆಗೆಯುವ ದನ ಇದಲ್ಲ. ಇವು ಮೇಯುವ ಹುಲ್ಲುಗಾವಲೇ ಕಾವಲು. ಅಜ್ಜಂಪುರ, ಬೀರೂರು, ಬಾಸೂರು, ಲಿಂಗದಹಳ್ಳಿ ಹೀಗೆ ಊರೂರಿಗೆ ಕಾವಲು ಇದೆ.

ಕಡೂರಿನಿಂದ ಬೆಟ್ಟದ ಕಡೆ ತಿರುಗಿದರೆ ಎಮ್ಮೆದೊಡ್ಡಿ. ಜನಪದದ ಕೆಂಚಮ್ಮನ ಮದಗದ ಕೆರೆ ಇರುವ ಸೀಮೆ ಇದು. ಬೆಂಗಳೂರಿನ ಬೇಟೆಗಾರ ಲೇಖಕ ಕೆನೆತ್ ಆಂಡರ್ಸನ್ 1954ರಲ್ಲಿ ತಂದ ಮೊದಲ ಪುಸ್ತಕದಲ್ಲಿ ಎಮ್ಮೆದೊಡ್ಡಿಯ ನರಭಕ್ಷಕನ ಕತೆಯಿದೆ. ತೇಜಸ್ವಿಯವರ ‘ಕಾಡಿನ ಕತೆಗಳು’ ಓದಿದವರಿಗೆ ಆಂಡರ್ಸನ್ ಪರಿಚಯ ಬೇಕಿಲ್ಲ. ಅವರ ಕತೆಗಳಲ್ಲಿ ಎಷ್ಟು ನಿಜ, ಎಷ್ಟು ಒಗ್ಗರಣೆ ಅನ್ನೋ ಚರ್ಚೆ ಇದ್ದದ್ದೇ. ಆದರೆ ಒಂದು ಮಾತನ್ನು ಅವರು ಮತ್ತೆ ಮತ್ತೆ ಹೇಳುತ್ತಾರೆ: ಗುರಿ ತಪ್ಪಿದ ಗುಂಡಿನಿಂದ ಗಾಯಗೊಂಡ ಪ್ರಾಣಿಯೇ ಎಷ್ಟೋ ಸಲ ಮನುಷ್ಯನ ಮೇಲೆ ತಿರುಗುತ್ತದೆ.

ಆಂಡರ್ಸನ್ ಬಳಸಿದ್ದು .405 ವಿಂಚೆಸ್ಟರ್, 1895ರ ಮಾಡೆಲ್. ಇದೇ ಮಾಡೆಲ್‌ನ ಸೇನಾ ರೂಪವನ್ನು ಮೊದಲ ಮಹಾಯುದ್ಧದಲ್ಲಿ ರಷ್ಯಾ ಸುಮಾರು ಮೂರು ಲಕ್ಷ ತರಿಸಿಕೊಂಡಿತ್ತು. ಖಾಲಿ ತೋಟಾ ಮೇಲ್ಗಡೆಯಿಂದ ಚಿಮ್ಮುವುದರಿಂದ ನಡುನೆತ್ತಿಯಲ್ಲಿ ದುರ್ಬೀನು ಕೂರಿಸಲು ಜಾಗವೇ ಇಲ್ಲ. ಹಾಗಾಗಿ ಬರಿಗಣ್ಣು, ಕಬ್ಬಿಣದ ಗುರಿಮೊನೆ, ರಾತ್ರಿಗೆ ರೈಫಲ್‌ಗೆ ಕಟ್ಟಿದ ಟಾರ್ಚು.

ಇದನ್ನು ಹೇಳಿದಾಗ ದೊಡ್ಡಪ್ಪ ನಕ್ಕರು. ‘ದುರ್ಬೀನು ಇದ್ದಿದ್ರೆ ಸುಲಭ ಆಗ್ತಿತ್ತು ಅನ್ಕೊಂಡ್ಯಾ? ಬಾ ತೋರಿಸ್ತೀನಿ.’

ದೊಡ್ಡಪ್ಪನ ತೋಟ ಇರುವುದು ತರೀಕೆರೆಯಿಂದ ಕೆಮ್ಮಣ್ಣುಗುಂಡಿಗೆ ಹೋಗುವ ದಾರಿಯಲ್ಲಿ, ಲಿಂಗದಹಳ್ಳಿ ಹತ್ತಿರ. ವಯಸ್ಸು 76. ಸೈನ್ಯದಲ್ಲಿ .303 ಲೀ-ಎನ್‌ಫೀಲ್ಡ್ ಹಿಡಿದು ಕಲಿತವರು. ಆ .303 ನಮ್ಮಲ್ಲಿ ಸಾಮಾನ್ಯರು ಇಟ್ಟುಕೊಳ್ಳುವಂತಿಲ್ಲ, ನಿಷೇಧಿತ ಬೋರು. ಅದರ ತಮ್ಮನಂತಿರುವ, ಇಶಾಪುರ ಕಾರ್ಖಾನೆಯ .315 ಅವರ ಬಳಿ ಇದೆ. ಬೆಳೆ ರಕ್ಷಣೆಗೆ ಲೈಸೆನ್ಸು. ಅದಕ್ಕೊಂದು ಹಳೇ ದುರ್ಬೀನು ಬಿಸ್ಕತ್ತಿನ ಡಬ್ಬಿಯಲ್ಲಿ, ಬಟ್ಟೆ ಸುತ್ತಿಕೊಂಡು ಕೂತಿತ್ತು.

ಗುಂಡು ತುಂಬಲೇ ಇಲ್ಲ. ರೈಫಲನ್ನು ಎರಡು ಮರಳು ಚೀಲದ ಮೇಲೆ ಅಲುಗಾಡದಂತೆ ಇಟ್ಟರು. ಹಿಂದಿನ ಬೋಲ್ಟು ಎಳೆದು ತೆಗೆದರು. ಈಗ ನಳಿಗೆ ಒಂದು ಕೊಳವೆ ಅಷ್ಟೇ. ಅದರೊಳಗಿಂದ ಇಣುಕಿ, ತೋಟದಾಚೆಯ ತೆಂಗಿನ ಮರಕ್ಕೆ ಮೊಳೆ ಹೊಡೆದಿದ್ದ ಬಿಳಿ ರಟ್ಟು ನಡುವೆ ಬರುವಂತೆ ಸರಿಮಾಡಿದರು. ಆಮೇಲೆ ರೈಫಲ್ ಮುಟ್ಟದೆ, ದುರ್ಬೀನಿನ ಎರಡು ತಿರುಪನ್ನು ಮಾತ್ರ ತಿರುಗಿಸಿ ಅದರ ಅಡ್ಡಗೆರೆ ಉದ್ದಗೆರೆ ಅದೇ ರಟ್ಟಿನ ಮೇಲೆ ಕೂರಿಸಿದರು. ಒಂದು ತಿರುಪು ಮೇಲೆ ಕೆಳಗೆ, ಇನ್ನೊಂದು ಎಡ ಬಲ.

ದುರ್ಬೀನು ನಳಿಗೆಗಿಂತ ಮೂರ್ನಾಲ್ಕು ಸೆಂಟಿಮೀಟರ್ ಮೇಲಿರುತ್ತದೆ. ಕಣ್ಣಿನ ಗೆರೆ ನೇರ, ಗುಂಡಿನ ದಾರಿ ಬಿಲ್ಲಿನಂತೆ. ಎರಡೂ ಯಾವ ದೂರದಲ್ಲಿ ಸೇರಬೇಕು ಎಂದು ಮೊದಲೇ ನಿರ್ಧರಿಸಬೇಕು. ಮುಂದಿನದು ರೇಂಜ್‌ನಲ್ಲಿ ಮಾಡುವ ಕೆಲಸ: ಮೊದಲು 25 ಮೀಟರ್, ಆಮೇಲೆ 100.

‘ಒಂದು ಗುಂಡು ನೋಡಿ ತಿರುಪು ತಿರುಗಿಸ್ಬಾರ್ದು ಕಣೋ. ಮೂರು ಹೊಡಿ, ಮೂರರ ನಡು ಎಲ್ಲಿದೆ ನೋಡು. ಮೂರೂ ಒಂದೇ ಕಡೆ ಬಿದ್ದಿದ್ರೆ ತಪ್ಪು ದುರ್ಬೀನಿಂದು. ಚೆಲ್ಲಾಪಿಲ್ಲಿ ಬಿದ್ದಿದ್ರೆ ತಪ್ಪು ನಿಂದು, ಇಲ್ಲ ಎಲ್ಲೋ ಸ್ಕ್ರೂ ಸಡ್ಲ.’

ಲೆಕ್ಕವೂ ಸರಳ. ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ, ಅಂದರೆ ಒಂದು ಮಿನಿಟ್, ಓರೆಯಾದರೆ 100 ಮೀಟರ್‌ನಲ್ಲಿ ಸುಮಾರು 3 ಸೆಂಟಿಮೀಟರ್ ವ್ಯತ್ಯಾಸ. 300ರಲ್ಲಿ 9. ಎದೆಗೆ ಹಿಡಿದದ್ದು ಹೊಟ್ಟೆಗೆ ಬೀಳಲು ಇಂಥ ಮೂರ್ನಾಲ್ಕು ಮಿನಿಟ್ ಸಾಕು. ಎರಡನೇ ಮಹಾಯುದ್ಧದ ಬ್ರಿಟಿಷ್ ಸ್ನೈಪರ್ ಲೀ-ಎನ್‌ಫೀಲ್ಡ್‌ಗಳಲ್ಲಿ ದುರ್ಬೀನಿನ ನಂಬರನ್ನು ರೈಫಲ್ಲಿನ ಮರದ ಹಿಡಿಯ ಮೇಲೇ ಅಚ್ಚೊತ್ತುತ್ತಿದ್ದರು. ಒಂದರ ಕಣ್ಣು ಇನ್ನೊಂದಕ್ಕೆ ಹೊಂದುವುದಿಲ್ಲ, ಬದಲಾಯಿಸಬೇಡಿ ಎಂಬ ಅರ್ಥದಲ್ಲಿ.

ಕಾಫಿಗೆ ಕೂತಾಗ ನಿಜವಾದ ವಿಷಯ ಬಂತು. ದೊಡ್ಡಪ್ಪನ ಕೈ ಈಚೆಗೆ ನಡುಗುತ್ತದೆ. ಲೈಸೆನ್ಸ್ ಮುಂದೇನು ಅಂತ ಮನೆಯಲ್ಲಿ ವರ್ಷದಿಂದ ಮಾತು. 2016ರ ಶಸ್ತ್ರಾಸ್ತ್ರ ನಿಯಮದ ಪ್ರಕಾರ ಲೈಸೆನ್ಸ್‌ದಾರರಿಗೆ 70 ತುಂಬಿದರೆ ಅಥವಾ ಕೋವಿ ಇಟ್ಟುಕೊಂಡು 25 ವರ್ಷವಾದರೆ, ಕಾನೂನುಬದ್ಧ ವಾರಸುದಾರರು ಅರ್ಜಿ ಹಾಕಬಹುದು. ಬೇಡವೆಂದರೆ ಪೊಲೀಸ್ ಠಾಣೆಗೋ ಲೈಸೆನ್ಸ್ ಇರುವ ಡೀಲರಿಗೋ ಒಪ್ಪಿಸಬೇಕು. ಊರಲ್ಲಿ ಹಳೇ ಕೋವಿ ಇರುವ ಎಷ್ಟೋ ಮನೆಗಳ ಮಕ್ಕಳು ಇವತ್ತು ವೈಟ್‌ಫೀಲ್ಡಿನಲ್ಲಿದ್ದಾರೆ. ನಮ್ಮಣ್ಣನೂ ಅಲ್ಲೇ.

ದೊಡ್ಡಮ್ಮನಿಗೆ ಕೋವಿ ಉಳಿಯಬೇಕು. ತೋಟಕ್ಕೆ ಹಂದಿ ನುಗ್ಗುವುದು ನಿಂತಿಲ್ಲ, ಭದ್ರಾ ಕಾಡಿನ ಅಂಚಿಗೆ ಆನೆಯೂ ಬರುತ್ತದೆ. ‘ಹೊಡೆಯೋದು ಬೇಡ, ಮನೇಲಿದೆ ಅನ್ನೋ ಧೈರ್ಯ ಸಾಕು’ ಅನ್ನುತ್ತಾರೆ. ಅಣ್ಣನಿಗೆ ಬೇಡ. ನಡುವೆ ಸಿಕ್ಕಿಕೊಂಡ ದೊಡ್ಡಪ್ಪ ದುರ್ಬೀನು ಬಿಚ್ಚಿ ಒರೆಸುತ್ತಾ ಹೇಳಿದರು: ‘ಗುರಿ ಕೂರಿಸಕ್ಕೆ ಬರದವನ ಮನೇಲಿ ಕೋವಿ ಇರಬಾರ್ದು. ಅರೆಗಾಯ ಆದ ಪ್ರಾಣಿನ ಹುಡುಕ್ಕೊಂಡು ಹೋಗೋರು ಯಾರು? ಎಲೆಕ್ಷನ್ ಬಂದಾಗೆಲ್ಲ ಸ್ಟೇಷನ್ನಿಗೆ ಇಟ್ಟು ಬರ್ತಿದ್ದೆ. ಈ ಸಲ ಇಟ್ಟು ಬಂದ್ರೆ ವಾಪಸ್ ತರಲ್ಲ.’ ದೊಡ್ಡಮ್ಮ ಏನೂ ಅನ್ನದೆ ಲೋಟ ತೆಗೆದುಕೊಂಡು ಒಳಗೆ ಹೋದರು.

ವಾಪಸ್ ಬರುವಾಗ ಕಡೂರು ತಾಲ್ಲೂಕಿನ ಬಾಸೂರಿಗೆ ಹೋಗಿ. ಫಿರಂಗಿ ಎತ್ತುಗಳಿಗೆಂದು ಉಳಿಸಿದ್ದ ಈ ಕಾವಲು 2011ರಿಂದ ಕೃಷ್ಣಮೃಗಗಳ ಸಂರಕ್ಷಿತ ಪ್ರದೇಶ, ಸುಮಾರು 7 ಚದರ ಕಿಲೋಮೀಟರ್. ಬೆಳಗಿನ ಹೊತ್ತು ಒಳ್ಳೆಯದು. ದುರ್ಬೀನು ಒಯ್ಯಿರಿ, ಹಕ್ಕಿ ನೋಡುವಂಥದ್ದು. ರಸ್ತೆಯಿಂದಲೇ ನೋಡಿ, ಹುಲ್ಲಿಗೆ ಗಾಡಿ ಇಳಿಸಬೇಡಿ. 1972ರ ವನ್ಯಜೀವಿ ಕಾಯ್ದೆಗೆ ಮುಂಚೆ ಇಂಥ ಬಯಲಲ್ಲಿ ಜೀಪಿನಿಂದ ಗುಂಡು ಹಾರುತ್ತಿತ್ತು. ಈಗ ಕಪ್ಪು ಬೆನ್ನಿನ ಗಂಡು ಕೊಂಬೆತ್ತಿ ನಿಮ್ಮ ಕಡೆ ನೋಡುತ್ತದೆ, ಆಮೇಲೆ ಮತ್ತೆ ಮೇಯುತ್ತದೆ.