ಮೈಮೇಲೆ ಏನಿದೆ, ದೋಣಿಯಲ್ಲಿ ಏನಿದೆ?

ಮೈಸೂರಿನ ಐಟಿ ಮಂದಿಯ ವಾರಾಂತ್ಯದ ಹುಚ್ಚುಗಳು ಋತುಮಾನದ ಹಾಗೆ ಬದಲಾಗ್ತವೆ. ಒಂದು ಕಾಲಕ್ಕೆ ಚಾಮುಂಡಿ ಬೆಟ್ಟಕ್ಕೆ ಸೈಕಲ್ ತುಳಿಯೋದು, ಆಮೇಲೆ ಮ್ಯಾರಥಾನ್, ಈಗ ಕಯಾಕ್. ಅಂದ್ರೆ ಒಬ್ಬರೇ ಕಾಲು ಚಾಚಿ ಕೂತು, ಎರಡು ತುದಿಗೂ ಅಲಗಿರುವ ಹುಟ್ಟಿನಿಂದ ನಡೆಸುವ ಕಿರುದೋಣಿ. ನಮ್ಮ ಟೀಮಿನ ನಾಲ್ವರು ಅದರಲ್ಲಿ ಕೂತು ಮೀನು ಹಿಡಿಯೋಣ ಅಂತ ತೀರ್ಮಾನಿಸಿ, ಏನೇನು ಒಯ್ಯಬೇಕು ಅಂತ ಎಕ್ಸೆಲ್ ಶೀಟ್ ಮಾಡಿದರು. ಒಟ್ಟು 41 ಸಾಲು. ನಾನು ಕಾವೇರಿ ದಂಡೆಯ ಊರಿನವನು ಅನ್ನೋ ಕಾರಣಕ್ಕೆ ರಿವ್ಯೂಗೆ ನನಗೆ ಕಳಿಸಿದರು.

ಶೀಟ್ ಅಚ್ಚುಕಟ್ಟಾಗಿತ್ತು. ವಸ್ತು, ಬೆಲೆ, ಲಿಂಕ್, ಯಾರು ತರೋದು ಅಂತ ನಾಲ್ಕು ಕಾಲಂ. ನಾನು ಯಾವ ಸಾಲನ್ನೂ ಅಳಿಸಲಿಲ್ಲ. ಐದನೇ ಕಾಲಂ ಒಂದನ್ನು ಸೇರಿಸಿದೆ: ‘ಎಲ್ಲಿರುತ್ತೆ?’ ಉತ್ತರ ಮೂರೇ. ಮೈಮೇಲೆ, ದೋಣಿಗೆ ಕಟ್ಟಿ, ಸುಮ್ನೆ ಇಟ್ಟಿದ್ದು. ಅವರು ತುಂಬಿ ವಾಪಸ್ ಕಳಿಸಿದಾಗ ‘ಮೈಮೇಲೆ’ ಅಂತ ಇದ್ದದ್ದು ಎರಡೇ: ಟೋಪಿ ಮತ್ತು ಗೋಪ್ರೋ ಕ್ಯಾಮೆರಾ. ಲೈಫ್ ಜಾಕೆಟ್ ಎದುರಿಗೆ ‘ಸೀಟಿನ ಹಿಂದೆ’ ಅಂತ ಬರೆದಿದ್ದರು.

ಈ ಐದನೇ ಕಾಲಂ ನಾನು ಯಾವ ವಿಡಿಯೋ ನೋಡಿ ಕಲಿತದ್ದಲ್ಲ. ಅದು ನಮ್ಮ ಚಿಕ್ಕಪ್ಪನ ಕತೆ.

ನಮ್ಮೂರು ತಿರುಮಕೂಡಲು ನರಸೀಪುರದಿಂದ ಕೆಳಗೆ. ಅಲ್ಲಿಗೆ ಬರುವಷ್ಟರಲ್ಲಿ ಕಪಿಲೆಯೂ ಸೇರಿಕೊಂಡು ಕಾವೇರಿ ಅಗಲವಾಗಿರ್ತಾಳೆ. ಮಾಲಂಗಿ ಮಡುವಾಗಲಿ ಅನ್ನೋ ಶಾಪದ ಕತೆ ಕೇಳಿಕೊಂಡೇ ಬೆಳೆದ ಮಕ್ಕಳು ನಾವು. ಮೇಲೆ ಸುಮ್ಮನಿರೋ ನೀರು ಕೆಳಗೂ ಸುಮ್ಮನಿರುತ್ತೆ ಅಂತ ನಂಬೋದಿಲ್ಲ. ಚಿಕ್ಕಪ್ಪ ತೆಪ್ಪದಲ್ಲಿ ಮೀನು ಹಿಡೀತಿದ್ದರು. ಅವರ ಸಾಮಾನು ಬೆರಳಲ್ಲಿ ಎಣಿಸಬಹುದಿತ್ತು. ಹುಟ್ಟು, ಬಲೆ, ಕಡ್ಡಿಗೆ ಸುತ್ತಿದ ನಾಲ್ಕು ಗಾಳ, ತೆಪ್ಪದೊಳಗಿನ ನೀರು ತೋಡೋಕೆ ಒಂದು ಡಬ್ಬ, ಟವಲು, ಮಂಕರಿ. ಮಂಕರಿಯೊಳಗೆ ಬುತ್ತಿ, ಬೀಡಿ ಕಟ್ಟು, ಚಾಕು. ಅಷ್ಟೇ.

ನಾನು ಪಿಯುಸಿ ಓದುತ್ತಿದ್ದಾಗ, ಒಂದು ಆಷಾಢದಲ್ಲಿ, ಹೊಸ ನೀರು ಬಂದಿತ್ತು. ಬಲೆ ಎಳೆಯೋಕೆ ಹೋದವರು ಬರಲಿಲ್ಲ. ತೆಪ್ಪ ಮಗುಚಿರಲಿಲ್ಲ. ಕೆಳಗೆ ಒಂದು ತಿರುವಿನಲ್ಲಿ ಜೊಂಡಿಗೆ ಒತ್ತಿಕೊಂಡು ನಿಂತಿತ್ತು. ಮಂಕರಿ ಇಟ್ಟಲ್ಲೇ ಇತ್ತು, ಬೀಡಿ ಕಟ್ಟು ಕೂಡ ನೆಂದಿರಲಿಲ್ಲ. ಚಿಕ್ಕಪ್ಪ ಸಿಕ್ಕಿದ್ದು ಅವರದೇ ಬಲೆಯಲ್ಲಿ, ನೈಲಾನ್ ಎಳೆ ಕಾಲಿಗೆ ಸುತ್ತಿಕೊಂಡು. ಊರಲ್ಲಿ ಅವರಷ್ಟು ಚೆನ್ನಾಗಿ ಈಜೋರು ಇರಲಿಲ್ಲ. ‘ಹೊಳೆ ಕರ್ಕೊಂತು’ ಅಂದರು ಜನ. ನನ್ನ ತಲೆಯಲ್ಲಿ ಉಳಿದದ್ದು ಮಾತ್ರ ಆ ಒಣ ಮಂಕರಿ, ಅದರೊಳಗಿನ ಚಾಕು.

ಅವತ್ತಿಂದ ನನಗೊಂದು ಲೆಕ್ಕ. ದೋಣಿಯಲ್ಲಿರೋದು ದೋಣಿಯದು, ಮೈಮೇಲಿರೋದು ನಮ್ಮದು. ನೀರಿಗೆ ಬಿದ್ದ ಮೇಲೆ ದೋಣಿ ನಿಮ್ಮ ಜೊತೇಲೇ ಇರುತ್ತೆ ಅಂತ ಯಾವ ಖಾತ್ರಿಯೂ ಇಲ್ಲ. ಖಾಲಿ ಕಯಾಕನ್ನು ಗಾಳಿ ನಿಮ್ಮ ಈಜಿಗಿಂತ ಬೇಗ ತಳ್ಳಿಕೊಂಡು ಹೋಗಬಲ್ಲದು.

ಹಾಗಾಗಿ ಮೊದಲು ಮೈಮೇಲಿನದು. ‘ಗುರು, ನಂಗೆ ಸ್ವಿಮ್ಮಿಂಗ್ ಬರುತ್ತೆ’ ಅಂದ ಒಬ್ಬ. ಬರಲಿ, ಜಾಕೆಟ್ ಹಾಕ್ಕೋ ಅಂದೆ. ನೀರಲ್ಲಿರೋ ಮನುಷ್ಯನನ್ನು ತೇಲಿಸೋಕೆ ಅವನ ಪೂರ್ತಿ ತೂಕ ಎತ್ತಬೇಕಾಗಿಲ್ಲ, ನಾಲ್ಕೈದು ಕೆಜಿಯಷ್ಟು ಆಸರೆ ಸಾಕು. ಜಾಕೆಟ್ ಮೇಲೆ 50 ನ್ಯೂಟನ್ ಅಂತ ಬರೆದಿದ್ದರೆ ಅದು ಕೊಡೋ ಆಸರೆ ಸುಮಾರು 5 ಕೆಜಿ. ಈಜು ಬರುವವರಿಗೆ, ಸಹಾಯ ಹತ್ತಿರ ಇರುವಲ್ಲಿಗೆ ಅಂತ ಮಾಡಿದ್ದು ಅದು. ಈಜು ಬಾರದವರಿಗೆ 100 ಅಥವಾ ಅದಕ್ಕಿಂತ ಹೆಚ್ಚಿನದು ಬೇಕು. ಬಕಲ್ ಹಾಕಿದ ಮೇಲೆ ಯಾರಿಗಾದರೂ ಹೇಳಿ ಹೆಗಲ ಹತ್ತಿರ ಹಿಡಿದು ಮೇಲಕ್ಕೆ ಎಳೆಸಿ. ಜಾಕೆಟ್ ಕಿವಿವರೆಗೆ ಬಂದರೆ ಅದು ನಿಮ್ಮ ಅಳತೆಯದಲ್ಲ.

ಜಾಕೆಟ್‌ಗೇ ಸಿಕ್ಕಿಸಿದ ವಿಸಲ್. ಅದೇ ಜಾಕೆಟ್ ಮೇಲೆ, ಯಾವ ಕೈಗಾದರೂ ಎಟಕುವ ಹಾಗೆ, ಒರೆಯಲ್ಲಿ ಒಂದು ಮೊಂಡು ತುದಿಯ ಚಾಕು. ಚೂಪು ತುದಿ ಬೇಡ, ಗಾಬರಿಯಲ್ಲಿ ನಮಗೇ ಚುಚ್ಚುತ್ತೆ. ಈಗಿನ ಹೆಣೆದ ಗಾಳದ ದಾರ ನೋಡೋಕೆ ಹೊಲಿಗೆ ದಾರದಷ್ಟು ಸಣ್ಣ, ಕೈಯಲ್ಲಿ ಎಳೆದು ಕಡಿಯೋಕೆ ಹೋದರೆ ದಾರಕ್ಕಿಂತ ಮುಂಚೆ ಬೆರಳು ಕುಯ್ಯುತ್ತೆ. ಆಮೇಲೆ ನೀರು ಹೋಗದ ಕವರಿನಲ್ಲಿ ಫೋನು, ಜಿಪ್ ಇರೋ ಜೇಬಲ್ಲಿ ಕಾರಿನ ಕೀ. ಮೈಮೇಲಿನ ಪಟ್ಟಿ ಅಲ್ಲಿಗೆ ಮುಗೀತು.

ಎರಡನೆಯದು ಕಟ್ಟಿಡೋದು. ಇಲ್ಲಿ ನನ್ನ ಗೆಳೆಯರಿಗೆ ಉತ್ಸಾಹ ಜಾಸ್ತಿಯಾಯ್ತು. ಹುಟ್ಟಿಗೆ ಒಂದು ಹಗ್ಗ, ರಾಡ್‌ಗೆ ಒಂದು, ಡಬ್ಬಿಗೆ ಒಂದು, ಬಾಟಲಿಗೆ ಒಂದು. ಹೀಗೇ ಹೋದರೆ ದೋಣಿಯಲ್ಲಿ ನಾವೇ ಒಂದು ಬಲೆ ಹೆಣೆದ ಹಾಗೆ. ನಿಂತ ನೀರಲ್ಲಿ ಹುಟ್ಟಿಗೆ ಗಿಡ್ಡ ಹಗ್ಗ ಇರಲಿ, ಅದು ಕೈಜಾರಿದರೆ ವಾಪಸ್ ಬರೋ ದಾರಿಯೇ ಇಲ್ಲ. ರಾಡ್‌ಗೂ ಒಂದು ಇರಲಿ. ಉಳಿದದ್ದೆಲ್ಲ ಮುಚ್ಚಳ ಇರೋ ಒಂದೇ ಡಬ್ಬಿಯೊಳಗೆ, ಡಬ್ಬಿ ದೋಣಿಗೆ. ಹರಿಯೋ ನೀರಲ್ಲಾದರೆ ನೇತಾಡೋ ಹಗ್ಗವೇ ಅಪಾಯ. ಮೈಗೆ ಮಾತ್ರ ಯಾವತ್ತೂ, ಯಾವುದನ್ನೂ ಕಟ್ಟಿಕೊಳ್ಳಬೇಡಿ.

ಮೂರನೆಯದು ತೂಕ. ಕಯಾಕ್ 120 ಕೆಜಿ ತಡೆಯುತ್ತೆ ಅಂತ ಬರೆದಿದೆ ಅಂದುಕೊಳ್ಳಿ. ಸೀಮೆಯ 70 ಪರ್ಸೆಂಟ್‌ಗೆ ನಿಲ್ಲಿಸೋದು ಅನುಭವಸ್ಥರ ರೂಢಿ, ಅಂದ್ರೆ 84 ಕೆಜಿ. ನೀವು 75 ಇದ್ದರೆ ಉಳಿದದ್ದು 9. ಕುಡಿಯೋ ನೀರೇ 2 ಲೀಟರ್ ಬೇಕು, ಈಗ 7. ನಮ್ಮ 41 ಸಾಲಿನಲ್ಲಿ ಮಡಚೋ ಟೇಬಲ್, ಐಸ್ ಬಾಕ್ಸ್, ಬ್ಲೂಟೂತ್ ಸ್ಪೀಕರ್, ಮೂರು ರಾಡ್ ಇದ್ದವು. ಬಜೆಟ್ ಕಟ್ ಅಂದ್ರೆ ಏನು ಅಂತ ಐಟಿಯವರಿಗೆ ಹೇಳಿಕೊಡಬೇಕಾಗಿಲ್ಲ. ಶೀಟ್ ಅರ್ಧಕ್ಕೆ ಇಳೀತು.

ಇನ್ನು ಮೀನಿನ ಮಾತು. ನಮ್ಮ ಕಡೆಯ ಕೆರೆಗಳಲ್ಲಿ ಹವ್ಯಾಸಿಗಳಿಗೆ ಸಿಗೋದು ಹೆಚ್ಚಾಗಿ ಜಿಲೇಬಿ, ಅದೃಷ್ಟ ಇದ್ದರೆ ರೋಹು, ಕಾಟ್ಲಾ. ಅದಕ್ಕೆ ಒಂದು ರಾಡ್, ಒಂದು ಬೆಂಡು, ಸ್ವಲ್ಪ ಸೀಸ, ಹತ್ತು ಸಣ್ಣ ಗಾಳ ಸಾಕು. ಎರೆಹುಳು ಇಲ್ಲವೇ ಹಿಟ್ಟಿನ ಉಂಡೆ. ಬಣ್ಣಬಣ್ಣದ ಪ್ಲಾಸ್ಟಿಕ್ ಮೀನುಗಳಿಗೆ ಸಾವಿರಾರು ರೂಪಾಯಿ ಸುರಿಯೋ ಮುಂಚೆ ಒಂದು ವಿಷಯ ನೆನಪಿಟ್ಟುಕೊಳ್ಳಿ. ಭೀಮೇಶ್ವರಿಯ ಕಡೆ ದೇಶವಿದೇಶದ ಗಾಳಗಾರರು ಬಿಳಿಮೀನನ್ನು, ಅಂದ್ರೆ ಮಹಶೀರನ್ನು, ಹಿಡೀತಿದ್ದದ್ದು ನಾವು ಉಣ್ಣೋ ರಾಗಿ ಮುದ್ದೆಯಿಂದ. ಗಾಳದ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ. ಮೀನಿನ ಬಾಯಿಂದ ಸಲೀಸಾಗಿ ಬರುತ್ತೆ, ನಿಮ್ಮ ಬೆರಳಿಂದಲೂ.

ಬಿಳಿಮೀನಿನ ಮಾತು ಬಂದ ಮೇಲೆ ಮೈಸೂರಿನವರು ಒಂದು ಹೆಸರು ಹೇಳಲೇಬೇಕು. ಬೇಟೆಯ ಪ್ರಾಣಿಗಳ ಚರ್ಮ ಹದ ಮಾಡಿ, ಜೀವಂತ ಇರುವಂತೆ ನಿಲ್ಲಿಸುತ್ತಿದ್ದ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ವ್ಯಾನ್ ಇಂಗೆನ್ ಅವರು 1946ರಲ್ಲಿ ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್ ತೂಗಿತ್ತು. ಅಂದ್ರೆ 54 ಕೆಜಿ, ಹೆಚ್ಚುಕಮ್ಮಿ ಒಬ್ಬ ಮನುಷ್ಯ. ಕಾವೇರಿಯ ಆ ಗೂನುಬೆನ್ನಿನ ಮಹಶೀರ್ ‘ಟಾರ್ ರೆಮಾದೇವಿ’ ಅಂತ ವಿಜ್ಞಾನಿಗಳು ಗುರುತಿಸಿದ್ದು 2018ರಲ್ಲಿ. ಅಷ್ಟರೊಳಗೆ ಅದು ಅಳಿವಿನ ಅಂಚಿಗೆ ಬಂದು ನಿಂತಿತ್ತು. ಅಭಯಾರಣ್ಯದೊಳಗೆ ಗಾಳ ಹಾಕುವಂತಿಲ್ಲ. ರಂಗನತಿಟ್ಟು, ನಾಗರಹೊಳೆ ಕಡೆಯ ಕಬಿನಿ ಹಿನ್ನೀರು, ಭೀಮೇಶ್ವರಿ ಎಲ್ಲಾ ಬೇಡ. ಊರ ಕೆರೆಯ ಮೀನೂ ಅನಾಥವಲ್ಲ. ಅದರ ಹಕ್ಕನ್ನು ಸಂಘಕ್ಕೋ ಗುತ್ತಿಗೆದಾರರಿಗೋ ಕೊಟ್ಟಿರ್ತಾರೆ, ಮರಿ ಬಿಟ್ಟು ಸಾಕಿದವರು ಅವರು. ಕೇಳಿ, ಒಪ್ಪಿಗೆ ತಗೊಂಡು ಹೋಗಿ. ಆ ಒಪ್ಪಿಗೆಯೂ ಸಾಮಾನಿನ ಪಟ್ಟಿಯಲ್ಲಿರಬೇಕು.

ಪಟ್ಟಿಯಲ್ಲಿ ಆಕಾಶವೂ ಇರಲಿ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಬೆಳಿಗ್ಗೆ ತಿಳಿಯಾಗಿದ್ದು ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು. ಬಯಲು ನೀರಿನ ಮೇಲೆ ಎಲ್ಲಕ್ಕಿಂತ ಎತ್ತರ ಇರೋದು ನೀವು, ಕೈಯಲ್ಲಿರೋ ಕಾರ್ಬನ್ ರಾಡ್ ವಿದ್ಯುತ್ ಹರಿಸೋ ವಸ್ತು. ಗುಡುಗು ಕಿವಿಗೆ ಬಿದ್ದರೆ ದಡಕ್ಕೆ ಬನ್ನಿ. ಮಳೆಗಾಲದಲ್ಲಿ ಕೆಆರ್‌ಎಸ್, ಕಬಿನಿಯಿಂದ ನೀರು ಬಿಟ್ಟರೆ ನಿಮ್ಮ ತಲೆ ಮೇಲೆ ಹನಿ ಬೀಳದಿದ್ದರೂ ಹೊಳೆ ಏರುತ್ತೆ. ಆ ತಿಂಗಳುಗಳಲ್ಲಿ ಹೊಳೆ ಬೇಡ, ಕೆರೆ ಸಾಕು.

ಕೊನೆಯ ಸಾಮಾನು ದೋಣಿಯಲ್ಲಿ ಇರೋದಲ್ಲ, ಅದನ್ನು ಕೊಳ್ಳೋಕೂ ಬರಲ್ಲ. ದಡದ ಮೇಲೆ ಒಬ್ಬರು ಬೇಕು. ಎಲ್ಲಿ ಇಳೀತೀರಿ, ಎಷ್ಟು ಹೊತ್ತಿಗೆ ಮೇಲೆ ಬರ್ತೀರಿ, ಬರದಿದ್ದರೆ ಯಾರಿಗೆ ಫೋನ್ ಮಾಡಬೇಕು, ಈ ಮೂರು ಗೊತ್ತಿರೋರು. ಮನೆಯಲ್ಲಿ ಕೂತ ಹೆಂಡತಿಯೋ, ಗಂಡನೋ, ಗೆಳೆಯನೋ, ಯಾರಾದರೂ ಆದೀತು. ಚಿಕ್ಕಪ್ಪ ಒಂದೊಂದು ದಿನ ಆಚೆ ದಡದ ನೆಂಟರ ಮನೆಯಲ್ಲೇ ಉಳಿದುಬಿಡ್ತಿದ್ದರು. ಹಾಗಾಗಿ ಆ ರಾತ್ರಿ ಯಾರೂ ಹುಡುಕಲಿಲ್ಲ. ಬೆಳಿಗ್ಗೆ ತೆಪ್ಪ ಕಂಡ ಮೇಲೇ ಊರು ಓಡಿದ್ದು. ಸಂಜೆಯೇ ಹೋಗಿದ್ದರೆ ಉಳೀತಿದ್ದರು ಅಂತ ಹೇಳೋಕಾಗಲ್ಲ. ಆದರೆ ಚಿಕ್ಕಮ್ಮ ಇವತ್ತಿಗೂ ಹೇಳೋದು ಒಂದೇ ಮಾತು: ‘ಯಾವೊತ್ಗೆ ಬತ್ತೀಯೆ ಅಂತ ಒಂದಿನಾನೂ ಕೇಳ್ನಿಲ್ಲ ಕನಪ್ಪ.’

ನೀರಿಗೆ ಇಳಿಯೋ ಮುಂಚೆ, ಯಾರೂ ಕೇಳದಿದ್ದರೂ, ಹೊತ್ತು ಹೇಳಿ ಹೋಗಿ.