ಹೇಮಾವತಿಯ ನಡುವಣ ಗುಡಿ

ಆಷಾಢದ ಮಳೆಯು ಹಿಡಿಯಿತೆಂದರೆ ಸಕಲೇಶಪುರದ ಸೇತುವೆಯ ಮೇಲೆ ನಿಂತವರಿಗೆ ಹೇಮಾವತಿಯು ಕೆಂಪಾಗಿ ಕಾಣುವುದು. ಬಲ್ಲಾಳರಾಯನದುರ್ಗದ ತಪ್ಪಲಿನಲ್ಲಿ ಹುಟ್ಟಿ, ಮಲೆನಾಡಿನ ತೋಟಗಳ ಮಣ್ಣನ್ನು ತೊಳೆದುಕೊಂಡು, ಆಲೂರು ಸೀಮೆಯ ಗದ್ದೆಬಯಲುಗಳ ಕಡೆಗೆ ಅದು ಇಳಿಯುವುದು. ಆ ನೀರನ್ನು ನೋಡಿ ತೋಟದವನು ಕಾಫಿಯ ಕಾಯಿ ಉದುರೀತೆಂದು ಚಿಂತಿಸುವನು. ಬಯಲುಸೀಮೆಯವನು ನಾಲೆಗೆ ನೀರು ಬಂದೀತೆಂದು ಹಿಗ್ಗುವನು. ಇವರಿಬ್ಬರಲ್ಲದೆ ಮೂರನೆಯವರೂ ಕೆಲವರುಂಟು. ನೀರಿನ ಬಣ್ಣವನ್ನು ಕಂಡೊಡನೆ ಅವರಿಗೆ, ಗುಡಿಯೊಳಕ್ಕೆ ಹೊಳೆಯು ನುಗ್ಗುವ ದಿನ ಹತ್ತಿರವಾಯಿತೆಂಬ ನೆನಪಾಗುವುದು. ಹೊಳೆಯ ಕೆಳಗೆ, ಗೊರೂರಿನ ಜಲಾಶಯದ ಹಿನ್ನೀರಿನಲ್ಲಿ ನಿಂತಿರುವ ಶೆಟ್ಟಿಹಳ್ಳಿಯ ಜಪಮಾಲೆ ಮಾತೆಯ ದೇವಾಲಯವೇ ಅವರ ಗುಡಿ.

ಕ್ರೈಸ್ತ ಪಾದ್ರಿಗಳ ಚರಿತ್ರೆಯಲ್ಲಿ ದ್ವೀಪಗಳಿಗೆ ದೊಡ್ಡ ಸ್ಥಾನವಿದೆ. ಲಂಡನ್ನಿನ ಮಿಷನ್ ಸಂಘದವರು ತಮ್ಮ ಮೊದಲ ಹಡಗನ್ನು ಕಳುಹಿಸಿದುದು ದೂರದ ತಾಹಿತಿ ದ್ವೀಪಕ್ಕೆ. ಅದು 1797ರಲ್ಲಿ ಅಲ್ಲಿಗೆ ಮುಟ್ಟಿತು. ಹಾಸನದ ಬೆಟ್ಟಗಳಿಗೆ ಕಡಲಿಲ್ಲ, ನಿಜ. ಆದರೆ ಸುತ್ತಲೂ ನೀರಿದ್ದರೆ ಮಾತ್ರವೇ ದ್ವೀಪವೆ? ನೂರಾರು ಹಳ್ಳಿಗಳ ನಡುವೆ ಹತ್ತಿಪ್ಪತ್ತು ಮನೆಯವರು ಬೇರೊಂದು ಹಬ್ಬವನ್ನು ಆಚರಿಸುತ್ತ, ಬೇರೊಂದು ಸ್ಮಶಾನದಲ್ಲಿ ತಮ್ಮವರನ್ನು ಮಣ್ಣುಮಾಡುತ್ತ ಬಾಳುವುದಾದರೆ, ಅದನ್ನೂ ದ್ವೀಪವೆಂದೇ ಕರೆಯಬಹುದು. ಈ ಸೀಮೆಯಲ್ಲಿ ಅಂತಹ ದ್ವೀಪಗಳು ಇನ್ನೂರು ವರ್ಷಗಳಿಂದ ಇವೆ.

1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಬಳಿಕ, ಟಿಪ್ಪುವಿನ ಕಾಲದಲ್ಲಿ ಚದುರಿಹೋಗಿದ್ದ ಕ್ರೈಸ್ತರನ್ನು ಒಂದುಗೂಡಿಸಲೆಂದು ಮೈಸೂರು ಸೀಮೆಗೆ ಬಂದವರು ಫ್ರಾನ್ಸ್ ದೇಶದ ಪಾದ್ರಿ ದ್ಯುಬುವಾ. ದೇಶೀಯರ ಉಡುಪನ್ನು ತೊಟ್ಟು, ದೇಶೀಯರ ನಡುವೆಯೇ ಬಾಳಿದ ಅವರನ್ನು ಜನರು ‘ದೊಡ್ಡ ಸ್ವಾಮಿಯವರು’ ಎಂದು ಕರೆದರು. ಹಾಸನದ ಬಳಿ, ಹಳೆಯ ದಾಖಲೆಗಳಲ್ಲಿ ಸಾತಳ್ಳಿಯೆಂದು ಕಾಣುವ ಹಳ್ಳಿಯಲ್ಲಿ, ಅವರು ಕ್ರೈಸ್ತ ರೈತರ ಒಕ್ಕಲನ್ನು ನೆಲೆಗೊಳಿಸಿದರು.

ಪಾದ್ರಿಗಳಿಗೆ ಬೇಸಾಯದ ಗೊಡವೆಯೇಕೆಂದು ವಾಚಕರು ಕೇಳಬಹುದು. ಹಳ್ಳಿಯಲ್ಲಿ ಮತವನ್ನು ಬದಲಿಸಿದವನು ದೇವರನ್ನಷ್ಟೇ ಬದಲಿಸಿದಂತಾಗುತ್ತಿರಲಿಲ್ಲ. ನಂಟರ ಪಂಕ್ತಿ ತಪ್ಪುವುದು. ಮಕ್ಕಳಿಗೆ ಹೆಣ್ಣುಗಂಡು ಸಿಕ್ಕದು. ಬಾವಿಯ ನೀರಿಗೂ ಕ್ಷೌರಕ್ಕೂ ಅಡ್ಡಿಯಾಗುವುದು. ಅಂತಹವನಿಗೆ ಪ್ರಾರ್ಥನೆಯ ಪುಸ್ತಕದ ಜೊತೆಗೆ ಉಳಲು ನೆಲವೂ ಬೇಕು, ನೆರೆಯಲ್ಲಿ ನಾಲ್ಕು ಮನೆಯೂ ಬೇಕು. ಬಾಸೆಲ್ ಮಿಷನ್ನಿನವರಿಗೂ ಇದೇ ಇಕ್ಕಟ್ಟು ಎದುರಾಯಿತು. ಮಂಗಳೂರಿನಲ್ಲಿ ಅವರು ಮಗ್ಗಗಳನ್ನು ಹೂಡಿದರು, 1865ರಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದರು. ಅವರಲ್ಲೊಬ್ಬರಾದ ಹೆರ್ಮನ್ ಮೋಗ್ಲಿಂಗರು ಕೊಡಗಿಗೆ ಹೋಗಿ ಆನಂದಪುರವೆಂಬ ಊರನ್ನೇ ಕಟ್ಟಿದರು. ಮಂಗಳೂರು ಹೆಂಚು ಘಟ್ಟವನ್ನೇರಿ ಎಲ್ಲ ಮತದವರ ಮನೆಗಳನ್ನೂ ಹೊದಿಸಿತು. ಅದರ ಹುಟ್ಟು ಮಾತ್ರ ಕೆಲಸವನ್ನು ಕಳೆದುಕೊಂಡ ಕೆಲವರ ಹಸಿವೆಗೆ ಸೇರಿದುದು.

ದ್ಯುಬುವಾ ಸ್ವಾಮಿಗಳು ಮಾಡಿದ ಇನ್ನೊಂದು ಕೆಲಸವು ಮತಕ್ಕೆ ಸೇರಿದುದಲ್ಲ. ಸಿಡುಬಿನ ಹಾವಳಿಯನ್ನು ಕಂಡು ಅವರು ದೇವಿ ಹಾಕಿಸುವ ಕಾರ್ಯಕ್ಕೆ ಕೈಯಿಟ್ಟರು. 1803-04ರಲ್ಲಿ ಅವರ ಮೂಲಕ ದೇವಿ ಹಾಕಿಸಿಕೊಂಡವರ ಲೆಕ್ಕ 25,432. ಇದರ ಪಕ್ಕದಲ್ಲಿ ಇನ್ನೊಂದು ಲೆಕ್ಕವನ್ನಿಟ್ಟು ನೋಡಬೇಕು. 1823ರಲ್ಲಿ ಅವರು ಹಿಂದೂದೇಶವನ್ನು ಬಿಟ್ಟರು. ಅದೇ ವರ್ಷ ಇಲ್ಲಿಯ ಕ್ರೈಸ್ತಮತದ ಸ್ಥಿತಿಯನ್ನು ಕುರಿತ ಅವರ ಪತ್ರಗಳು ಲಂಡನ್ನಿನಲ್ಲಿ ಅಚ್ಚಾದುವು. ಇಪ್ಪತ್ತೈದು ವರ್ಷಗಳ ದುಡಿಮೆಯಲ್ಲಿ ತಾವು ಮತಕ್ಕೆ ಸೇರಿಸಿದವರು ಇನ್ನೂರು ಮುನ್ನೂರು ಮಂದಿ ಮಾತ್ರ, ಅವರಲ್ಲಿಯೂ ಮನಃಪೂರ್ವಕವಾಗಿ ನಂಬಿ ಬಂದವರನ್ನು ಕಾಣೆನೆಂದು ಅವರು ನಾಚಿಕೆಯಿಂದ ಒಪ್ಪಿಕೊಂಡಿದ್ದಾರೆ. ಈ ದೇಶದಲ್ಲಿ ಆ ಕಾರ್ಯವು ಕೈಗೂಡದೆಂಬುದೇ ಅವರ ತೀರ್ಮಾನ. ಇತರ ಪಾದ್ರಿಗಳಿಗೆ ಈ ಮಾತು ಹಿಡಿಸಲಿಲ್ಲ. ಹಿಂದೂಗಳ ಆಚಾರಗಳನ್ನು ಕುರಿತ ಅವರ ಪ್ರಸಿದ್ಧ ಗ್ರಂಥದ ಬಹುಭಾಗಕ್ಕೆ ಹಿಂದಿನ ಜೆಸುಯಿಟ್ ಪಾದ್ರಿ ಕರ್ದೂ ಎಂಬವರ ಬರಹವೇ ಆಧಾರವೆಂದು ಈಚಿನ ವಿದ್ವಾಂಸರು ತೋರಿಸಿದ್ದಾರೆ. ಆದರೆ ತನ್ನ ಜೀವಮಾನದ ಕೆಲಸವು ಸೋತಿತೆಂದು ಸ್ವಂತ ಹೆಸರಿನಲ್ಲಿ ಬರೆದ ಆ ಪತ್ರಗಳು ಮತ್ತೊಬ್ಬರದಾಗಿರಲಾರವು.

ಸ್ವಾಮಿಗಳು ಸೋತೆನೆಂದರು, ಹಳ್ಳಿಗಳು ಮಾತ್ರ ಉಳಿದುವು. ಅವನ್ನು ಉಳಿಸಿದವರಾರು? ಪರದೇಶದ ಪಾದ್ರಿಗಳು ಎಣಿಕೆಗೆ ಸಿಕ್ಕುವಷ್ಟೇ ಮಂದಿ. ಒಬ್ಬೊಬ್ಬರ ಪಾಲಿಗೆ ಹತ್ತಾರು ಊರು, ಮಳೆಗಾಲದಲ್ಲಿ ದಾರಿಯಿಲ್ಲದ ಕಾಡು. ಹತ್ತೊಂಬತ್ತನೆಯ ಶತಮಾನದಲ್ಲಿ ಮಂಜರಾಬಾದಿನ ಬೆಟ್ಟಗಳಲ್ಲಿ ಕಾಫಿಯ ತೋಟಗಳೆದ್ದ ಮೇಲೆ, ತೋಟದ ಲೈನುಗಳಲ್ಲಿಯೂ ಕ್ರೈಸ್ತರ ಪುಟ್ಟ ಗುಂಪುಗಳು ಸೇರಿಕೊಂಡುವು: ಘಟ್ಟದ ಕೆಳಗಿನಿಂದ ಬಂದ ಕೊಂಕಣಿಯವರು, ತಮಿಳು ಸೀಮೆಯ ಕೂಲಿಗಳು, ಇಲ್ಲಿಯವರೇ ಆದ ಕನ್ನಡಿಗರು. ಪೂಜೆಯು ಆಗ ಲತೀನ್ ಭಾಷೆಯಲ್ಲಿ ನಡೆಯುತ್ತಿದ್ದಿತು. ಯಾರಿಗೂ ತಿಳಿಯದ ಭಾಷೆಯಾದುದರಿಂದ ಭಾಷೆಯ ಜಗಳವಿರಲಿಲ್ಲ. 1962ರಿಂದ 1965ರವರೆಗೆ ರೋಮಿನಲ್ಲಿ ನಡೆದ ಮಹಾಸಭೆಯ ಬಳಿಕ ಪೂಜೆಯು ಜನರ ನುಡಿಗೆ ಬಂದಿತು. ಯಾವ ಜನರ ನುಡಿಯೆಂಬ ಪ್ರಶ್ನೆಯೂ ಅದರ ಬೆನ್ನಿಗೇ ಬಂದಿತು.

ಇಂತಹ ಎಡೆಗಳಲ್ಲಿ ಸ್ವಾಮಿಗಳು ಬಾರದ ದಿನಗಳೇ ಹೆಚ್ಚು. ಆ ದಿನಗಳಲ್ಲಿ ಸಭೆಯನ್ನು ನಡೆಸುತ್ತಿದ್ದವನು ಉಪದೇಶಿ. ಸಂಜೆ ಲಾಟೀನಿನ ಬೆಳಕಿನಲ್ಲಿ ಮಕ್ಕಳಿಗೆ ಜಪವನ್ನು ಹೇಳಿಕೊಡುವವನು ಅವನು. ಸಾಯುವವರ ತಲೆಯ ಬಳಿ ಕುಳಿತು ಪ್ರಾರ್ಥಿಸುವವನು ಅವನು. ಮಳೆಯಲ್ಲಿ ಗೋರಿಯನ್ನು ತೋಡಿಸುವವನೂ ಅವನೇ. ಪಾದ್ರಿಗಳ ಚರಿತ್ರೆಯನ್ನು ಬರೆದವರು ದೊಡ್ಡ ಹೆಸರುಗಳನ್ನೆಲ್ಲ ಬರೆದರು. ಉಪದೇಶಿಗೆ ಅಲ್ಲಿ ಒಂದು ಸಾಲೂ ದೊರೆಯುವುದಪರೂಪ.

1860ರ ಸುಮಾರಿನಲ್ಲಿ ಫ್ರೆಂಚ್ ಪಾದ್ರಿಗಳು ಶೆಟ್ಟಿಹಳ್ಳಿಯಲ್ಲಿ ಗೋಥಿಕ್ ಶೈಲಿಯ ದೇವಾಲಯವನ್ನು ಕಟ್ಟಿಸಿದರು. ಚೂಪಾದ ಕಮಾನುಗಳು, ಎತ್ತರದ ಕಂಬಗಳು. ಗಾರೆಗೆ ಬೆಲ್ಲವನ್ನೂ ಮೊಟ್ಟೆಯನ್ನೂ ಬೆರಸಿದ್ದರೆಂದು ಜನರು ಹೇಳುವರು. ನೂರು ವರ್ಷಗಳಿಗೂ ಮೇಲ್ಪಟ್ಟು ಅಲ್ಲಿ ಪೂಜೆ ನಡೆಯಿತು. ಬಳಿಕ ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟೆಯನ್ನು ಕಟ್ಟಿದರು; 1979ರಲ್ಲಿ ಅದು ಮುಗಿಯಿತು. ಸುಮಾರು 37 ಟಿ.ಎಂ.ಸಿ. ಅಡಿ ನೀರು ಅಲ್ಲಿ ನಿಲ್ಲುವುದು. ಹಾಸನ, ಮಂಡ್ಯ, ತುಮಕೂರು ಜಿಲ್ಲೆಗಳ ಹೊಲಗಳಿಗೆ ಅದರಿಂದಾದ ಉಪಕಾರವನ್ನು ಯಾರೂ ಅಲ್ಲಗಳೆಯಲಾರರು. ಆ ಉಪಕಾರಕ್ಕಾಗಿ ಎಲ್ಲ ಜಾತಿಮತಗಳ ಹಳ್ಳಿಗರೂ ತಮ್ಮ ಊರುಗಳನ್ನು ಬಿಟ್ಟುಕೊಟ್ಟರು. ಶೆಟ್ಟಿಹಳ್ಳಿಯವರೂ ಬಿಟ್ಟುಕೊಟ್ಟರು. ಉಳಲು ನೆಲ ಬೇಕೆಂದು ಕಟ್ಟಿಕೊಂಡ ಸಭೆಗಳ ಸೀಮೆಯಲ್ಲಿ, ಆ ನೆಲವೇ ನೀರಿನ ಪಾಲಾಯಿತು.

ಅಂದಿನಿಂದ ಮಳೆಗಾಲದಲ್ಲಿ ಗುಡಿಯು ನಿಜವಾಗಿಯೂ ದ್ವೀಪವಾಗುವುದು. ಬೇಸಗೆಯಲ್ಲಿ ನೀರಿಳಿದಾಗ ಅಲ್ಲಿಗೆ ಕಾಲುನಡಿಗೆಯಲ್ಲಿ ಹೋಗಬಹುದು. ದೂರದ ಊರುಗಳಿಂದ ಬಂದವರು ಕಮಾನಿನ ಕೆಳಗೆ ನಿಂತು ಪಟಗಳನ್ನು ತೆಗೆಸಿಕೊಳ್ಳುವರು.

ಅಂತಹ ಒಂದು ಬೇಸಗೆಯಲ್ಲಿ ಮುದುಕಿಯೊಬ್ಬಳು ಮೊಮ್ಮಗನ ಕೈಹಿಡಿದು ಅಲ್ಲಿಗೆ ಬಂದಳು. ಮೇಲ್ಛಾವಣಿಯಿಲ್ಲದ ಗುಡಿಯನ್ನು ನೋಡಿ ಹುಡುಗನು, “ಅಜ್ಜಿ, ಇಲ್ಲಿ ಯಾರೂ ಪೂಜೆಗೆ ಬರೋದಿಲ್ವೆ?” ಎಂದು ಕೇಳಿದನು.

“ಪೂಜೆ ಈಗ ನಮ್ಮೂರಲ್ಲೇ ಆಗ್ತದಲ್ಲ ಮಗ. ನಿಮ್ಮ ತಾತಂಗೆ ಜ್ಞಾನಸ್ನಾನ ಆದದ್ದು ಇಲ್ಲಿ” ಎಂದು ಅವಳು ಉತ್ತರಕೊಟ್ಟಳು. ಬಳಿಕ ಬಾಗಿಲಿದ್ದ ಕಡೆಯಿಂದ ಹೆಜ್ಜೆಗಳನ್ನು ಎಣಿಸುತ್ತ ನಡೆದು ಒಂದೆಡೆಯಲ್ಲಿ ನಿಂತಳು. ಅದು ಅವಳು ಮದುವೆಯ ದಿನ ನಿಂತಿದ್ದ ಎಡೆ. ನೆಲವೆಲ್ಲ ಒಣಗಿದ ಕೆಸರು. ಅವಳು ಕಾಲಿನಿಂದ ಆ ಕೆಸರನ್ನು ಸ್ವಲ್ಪ ಸರಿಸಿದಳು. ಕೆಳಗಿನ ಕಲ್ಲು ಕಾಣಲಿಲ್ಲ. ಪಟ ತೆಗೆಯುತ್ತಿದ್ದವರು ಅವಳು ಅತ್ತ ಸರಿದಾಳೆಂದು ಕಾದು ನಿಂತಿದ್ದರು. ಅವಳು ಸೆರಗನ್ನು ತಲೆಗೆ ಹೊದ್ದು, ಶಿಲುಬೆಯ ಗುರುತನ್ನು ಹಾಕಿಕೊಂಡು, ಮೊಮ್ಮಗನಿಗೂ ಹಾಕಿಸಿದಳು. ಅದಕ್ಕೆ ಹಿಡಿದ ಹೊತ್ತು ಬಹಳವಲ್ಲ.

ಪ್ರತಿವರ್ಷವೂ ನವೆಂಬರ್ 2ನೆಯ ದಿನ ಕೆಥೋಲಿಕರು ತಮ್ಮ ಹಿರಿಯರ ಗೋರಿಗಳನ್ನು ತೊಳೆದು, ಹೂವಿಟ್ಟು, ಮೇಣದ ಬತ್ತಿಯನ್ನು ಹಚ್ಚುವರು. ಮುಳುಗಿದ ಊರುಗಳವರು ಅದನ್ನು ಎಲ್ಲಿ ಹಚ್ಚಬೇಕು? ಹೊಸ ಊರಿನಲ್ಲಿಯೇ ಹಚ್ಚಬೇಕು. ಹೆಸರನ್ನು ಮಾತ್ರ ಹಳೆಯ ಊರಿನವರದೆಂದು ಹೇಳಬೇಕು. ದ್ಯುಬುವಾ ಸ್ವಾಮಿಗಳು ಮತಕ್ಕೆ ಬಂದವರ ತಲೆಗಳನ್ನು ಎಣಿಸಿ ನಿರಾಶರಾದರು. ಆ ಎಣಿಕೆಯು ತಪ್ಪೆಂದಲ್ಲ. ಆದರೆ ಅವರು ಹೋದ ನೂರೈವತ್ತು ವರ್ಷಗಳ ಮೇಲೆ, ನೆಲವೂ ಗುಡಿಯೂ ನೀರಿಗೆ ಹೋದ ದಿನ, ಗಂಟುಮೂಟೆಯನ್ನು ಹೊತ್ತು ಹೊರಟವರು ಜಪಸರವನ್ನು ಮರೆಯದೆ ಕೊಂಡೊಯ್ದರು. ನಂಬಿ ಬಂದವರೆಷ್ಟು ಎಂದು ಅವರು ಕೇಳಿದ್ದರು; ಬಿಡದೆ ನಿಂತವರೆಷ್ಟು ಎಂದು ಕೇಳುವಷ್ಟು ಕಾಲ ಅವರಿಗಿರಲಿಲ್ಲ.

ಸಕಲೇಶಪುರದ ಕಡೆ ಮತ್ತೆ ಮೋಡ ಕವಿಯುವುದು. ಹೇಮಾವತಿಯು ಕೆಂಪಾಗುವುದು. ಮುದುಕಿಯು ಕಾಲಿನಿಂದ ಸರಿಸಿದ ಕೆಸರಿನ ಮೇಲೆ ಇನ್ನೊಂದು ವರ್ಷದ ಕೆಸರು ಬಂದು ಕೂಡುವುದು.